ಅರವತ್ತು ಮನೆ ಖಾಲಿ, ಆದರೂ ಆಟ ಮುಗೀತು

ಮೊಬೈಲಿನ ಬ್ಲಾಕ್ ಆಟಗಳಲ್ಲಿ ಜನ ಮಾಡುವ ತಪ್ಪುಗಳು ಹತ್ತು ಬಗೆಯವಾಗಿ ಕಂಡರೂ ಅವುಗಳ ಬೇರು ಒಂದೇ. ಅದನ್ನು ಹಿಡಿಯಲು ಒಂದಿಷ್ಟು ಕೂಡು–ಕಳೆ ಲೆಕ್ಕ ಮತ್ತು ಮೈಸೂರಿನ ದೊರೆ ಮುಮ್ಮಡಿ ಕೃಷ್ಣರಾಜರಿಗೆ ಪ್ರಿಯವಾಗಿದ್ದ ಚದುರಂಗದ ಕುದುರೆ ನಡೆ ಸಾಕು.

ನಂಜನಗೂಡು ಟೌನ್ ನಿಲ್ದಾಣದಿಂದ ಮೈಸೂರಿಗೆ ಹೊರಡುವ ರೈಲಿನಲ್ಲಾಗಲಿ, ತಿ.ನರಸೀಪುರದ ಬಸ್ ನಿಲ್ದಾಣದಲ್ಲಾಗಲಿ ಕಾಯುವ ಹೊತ್ತನ್ನು ಈಗ ಫೋನು ನುಂಗುತ್ತದೆ. ರೀಲ್ಸ್ ನೋಡಿ ಬೇಸರವಾದವರಿಗೆ ಬ್ಲಾಕ್ ಆಟಗಳಿವೆ. ‘ಬ್ಲಾಕ್ ಬ್ಲಾಸ್ಟ್’ನಲ್ಲಿ ಎಂಟು ಅಡ್ಡಸಾಲು, ಎಂಟು ಉದ್ದಸಾಲು, ಒಟ್ಟು 64 ಮನೆಗಳ ಪಟ. ‘ವುಡೋಕು’ವಿನಲ್ಲಿ ಒಂಬತ್ತಕ್ಕೆ ಒಂಬತ್ತು, ‘1010!’ನಲ್ಲಿ ಹತ್ತಕ್ಕೆ ಹತ್ತು. ನಿಯಮ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ: ಪಟದ ಕೆಳಗೆ ಮೂರು ಬ್ಲಾಕ್ ಬರುತ್ತವೆ, ಬೆರಳಲ್ಲಿ ಎಳೆದು ಖಾಲಿ ಮನೆಗಳ ಮೇಲೆ ಕೂರಿಸಬೇಕು. ಒಂದು ಸಾಲು ಪೂರ್ತಿ ತುಂಬಿದರೆ ಅದು ಅಳಿಸಿಹೋಗಿ ಅಂಕ ಬರುತ್ತದೆ. ಮೂರೂ ಕೂತ ಮೇಲೆ ಇನ್ನು ಮೂರು. ಕೈಯಲ್ಲಿ ಉಳಿದ ಯಾವ ಬ್ಲಾಕಿಗೂ ಜಾಗವಿಲ್ಲ ಎಂದಾದಾಗ ಗೇಮ್ ಓವರ್. ಐದು ವರ್ಷದ ಮಗುವೂ ಒಂದು ನಿಮಿಷದಲ್ಲಿ ಕಲಿಯುವ ಈ ಆಟದಲ್ಲಿ ವರ್ಷಗಟ್ಟಲೆ ಆಡಿದವರೂ ಅದೇ ತಪ್ಪುಗಳಿಗೆ ಮರಳುತ್ತಾರೆ. ನಡುಮಧ್ಯೆ ಒಂಟಿ ಬ್ಲಾಕ್ ಕೂರಿಸುವುದು, ಸುಲಭದ್ದನ್ನು ಮೊದಲು ಮುಗಿಸಿ ಕಷ್ಟದ್ದನ್ನು ಕೊನೆಗೆ ತಳ್ಳುವುದು, ಕೈಗೆಟುಕಿದ ಸಾಲನ್ನೆಲ್ಲ ಅಳಿಸುತ್ತ ಹೋಗುವುದು, ಒಂದು ಸಣ್ಣ ತೂತು ಮುಚ್ಚಲು ಸರಿಯಾದ ಬ್ಲಾಕಿಗಾಗಿ ಕಾದು ಕೂರುವುದು, ಇವೇ ಆ ತಪ್ಪುಗಳು.

ಇವನ್ನು ಒಂದೊಂದಾಗಿ ತಿದ್ದಿಕೊಳ್ಳುವ ಸಲಹೆಗಳು ಯೂಟ್ಯೂಬಿನಲ್ಲಿ ಬೇಕಾದಷ್ಟು ಸಿಗುತ್ತವೆ. ಆದರೆ ಇವು ನಾಲ್ಕು ತಪ್ಪುಗಳಲ್ಲ, ಒಂದೇ ತಪ್ಪಿನ ನಾಲ್ಕು ಮುಖಗಳು ಎಂಬುದು ಈ ಲೇಖನದ ವಾದ. ಬ್ಲಾಕನ್ನು ಕೂರಿಸುವಾಗ ನಾವು ಏನನ್ನು ತುಂಬಿಸಿದೆವು ಎಂದು ನೋಡುತ್ತೇವೆಯೇ ಹೊರತು ಎಂಥ ಖಾಲಿ ಜಾಗವನ್ನು ಉಳಿಸಿದೆವು ಎಂದು ನೋಡುವುದಿಲ್ಲ. ಖಾಲಿ ಎಷ್ಟಿದೆ ಎಂಬುದಕ್ಕಿಂತ ಅದು ಯಾವ ಆಕಾರದಲ್ಲಿದೆ ಎಂಬುದೇ ಈ ಆಟವನ್ನು ನಿರ್ಧರಿಸುತ್ತದೆ.

ನಾಲ್ಕು ಮನೆಗಳ ಲೆಕ್ಕ

ಮಾತಿಗಿಂತ ಎಣಿಕೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಪೂರ್ತಿ ಖಾಲಿ ಇರುವ ಎಂಟಕ್ಕೆಂಟರ ಪಟದಲ್ಲಿ ಮೂರಕ್ಕೆ ಮೂರರ ದೊಡ್ಡ ಚೌಕ ಬ್ಲಾಕನ್ನು 36 ಕಡೆ ಕೂರಿಸಬಹುದು. ಅಡ್ಡಕ್ಕೆ ಆರು, ಉದ್ದಕ್ಕೆ ಆರು ಸ್ಥಾನ. ಈಗ ಒಂದೇ ಒಂದು ಮನೆಯ ಪುಟಾಣಿ ಬ್ಲಾಕನ್ನು ಪಟದ ನಡುವೆ, ನಾಲ್ಕನೇ ಅಡ್ಡಸಾಲಿನ ನಾಲ್ಕನೇ ಮನೆಯಲ್ಲಿ ಇಡಿ. ಆ ಮನೆಯನ್ನು ಒಳಗೊಂಡಿದ್ದ ಒಂಬತ್ತು ಸ್ಥಾನಗಳೂ ಒಮ್ಮೆಗೇ ಕೆಟ್ಟು 36ರಲ್ಲಿ 27 ಉಳಿಯುತ್ತವೆ. ಅದೇ ಬ್ಲಾಕನ್ನು ಅಂಚಿನ ನಡುವಿಗೆ ತಳ್ಳಿದರೆ ಕೆಡುವುದು ಮೂರು, 33 ಉಳಿಯುತ್ತವೆ. ಮೂಲೆಯಲ್ಲಿಟ್ಟರೆ ಕೆಡುವುದು ಒಂದೇ ಒಂದು. ಮೂರು ಕಡೆಯೂ ತುಂಬಿದ್ದು ಒಂದೇ ಮನೆ, ಪರದೆಯ ಮೇಲೆ ಬಂದ ಅಂಕವೂ ಒಂದೇ. ಆದರೆ ನಡುವೆ ಇಟ್ಟವನು ಮೂಲೆಯಲ್ಲಿಟ್ಟವನ ಒಂಬತ್ತು ಪಟ್ಟು ಕಳೆದುಕೊಂಡಿದ್ದಾನೆ.

ಇನ್ನೂ ಮುಂದೆ ಹೋಗೋಣ. ನಾಲ್ಕು ಒಂಟಿ ಬ್ಲಾಕ್‌ಗಳನ್ನು ತೆಗೆದುಕೊಂಡು ಮೂರನೇ ಮತ್ತು ಆರನೇ ಅಡ್ಡಸಾಲು, ಮೂರನೇ ಮತ್ತು ಆರನೇ ಉದ್ದಸಾಲು ಕೂಡುವ ನಾಲ್ಕು ಮನೆಗಳಲ್ಲಿ ಇಡಿ. ಪಟದಲ್ಲಿ 60 ಮನೆ ಖಾಲಿ. ಕಣ್ಣಿಗೆ ಬಯಲೋ ಬಯಲು. ಆದರೂ ಮೂರಕ್ಕೆ ಮೂರರ ಬ್ಲಾಕಿಗೆ ಒಂದು ಕಡೆಯೂ ಜಾಗವಿಲ್ಲ. ಎಲ್ಲಿ ಇಡಹೋದರೂ ಆ ನಾಲ್ಕರಲ್ಲೊಂದು ಅಡ್ಡ ಬರುತ್ತದೆ. ಕೈಯಲ್ಲಿ ಅದೊಂದೇ ಉಳಿದಿದ್ದರೆ ಆಟ ಅಲ್ಲಿಗೆ ಮುಗಿಯಿತು. ಅದೇ ನಾಲ್ಕನ್ನು ಒಂದು ಮೂಲೆಯಲ್ಲಿ ಎರಡಕ್ಕೆರಡರಂತೆ ಒತ್ತೊತ್ತಾಗಿ ಕೂರಿಸಿದ್ದರೆ 36ರಲ್ಲಿ 32 ಸ್ಥಾನಗಳು ಹಾಗೇ ಉಳಿಯುತ್ತಿದ್ದವು. ತುಂಬಿದ್ದು ಎರಡೂ ಕಡೆ ನಾಲ್ಕೇ ಮನೆ. ಒಂದು ಕಡೆ 32, ಇನ್ನೊಂದು ಕಡೆ ಸೊನ್ನೆ. ಜಾಗ ಇನ್ನೂ ಬೇಕಾದಷ್ಟಿದೆ ಎಂದುಕೊಂಡೇ ಸೋಲುವವರ ಒಗಟಿಗೆ ಇಲ್ಲಿ ಉತ್ತರವಿದೆ. ಉದ್ದ ಪಟ್ಟಿಗಳ ಕಥೆಯೂ ಬೇರೆಯಲ್ಲ: ಐದು ಮನೆಯ ಅಡ್ಡಪಟ್ಟಿಗೆ ಒಂದು ಸಾಲಿನಲ್ಲಿ ನಾಲ್ಕು ಸ್ಥಾನ. ಆ ಸಾಲಿನ ನಾಲ್ಕನೆಯ ಅಥವಾ ಐದನೆಯ ಮನೆಯೊಂದು ತುಂಬಿದರೆ ನಾಲ್ಕೂ ಹೋದವು. ಒಂದನೆಯ ಮನೆ ತುಂಬಿದರೆ ಹೋಗುವುದು ಒಂದೇ.

ಸೋಮನಾಥಪುರದ ಕಲ್ಲು, ಪರದೆಯ ಬ್ಲಾಕು

ಲೆಕ್ಕ ಇಷ್ಟು ಸರಳವಾಗಿರುವಾಗ ಬುದ್ಧಿವಂತರೂ ಎಡವುವುದು ಏಕೆ? ಜೋಡಿಸುವ ಕೆಲಸ ಎಂದಕೂಡಲೇ ನಮ್ಮ ಕಣ್ಣಮುಂದೆ ಬರುವುದು ಎಡೆ ಬಿಡದ ತುಂಬು ಕಟ್ಟಡ. ತಿ.ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯವನ್ನೇ ನೋಡಿ. ಹೊಯ್ಸಳ ಮುಮ್ಮಡಿ ನರಸಿಂಹನ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಕಟ್ಟಿಸಿದ, 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ತ್ರಿಕೂಟ ಅದು. ನಕ್ಷತ್ರದಾಕಾರದ ತಳದ ಮೇಲೆ ಬಳಪದ ಕಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡು ಎದ್ದು ನಿಂತಿವೆ. ಅಲ್ಲಿ ಒಂದು ಸಂದು ಉಳಿದರೂ ಅದು ಕೆಲಸದ ದೋಷ. ಏಕೆಂದರೆ ಸ್ಥಪತಿಗೆ ಇಡೀ ನಕ್ಷೆ ಮೊದಲೇ ಗೊತ್ತು. ಯಾವ ಕಲ್ಲು ಬೇಕೋ ಅದನ್ನೇ ಕಡೆದು ತರಬಹುದು, ಕೂರದಿದ್ದರೆ ಮತ್ತೆ ಉಳಿ ಹಿಡಿಯಬಹುದು. ಮುಂದೆ ಬರುವುದೆಲ್ಲ ಗೊತ್ತಿರುವಾಗ ತುಂಬಿಸುವುದೇ ಗುರಿ, ಖಾಲಿ ಎಂದರೆ ಕೊರತೆ.

ಗಣಿತದ ಒಗಟುಗಳಲ್ಲೂ ಈ ಬಗೆಯದ್ದು ಹಳೆಯದು. ಇಂಗ್ಲೆಂಡಿನ ಹೆನ್ರಿ ಡ್ಯೂಡನಿ 1907ರಲ್ಲಿ ಚದುರಂಗದ ಹಲಗೆ ಚೂರುಚೂರಾದ ಒಗಟನ್ನು ಪ್ರಕಟಿಸಿದ. ಐದೈದು ಮನೆಗಳ ಹನ್ನೆರಡು ಚೂರು, ನಾಲ್ಕು ಮನೆಯ ಒಂದು ಚೂರು, ಕೂಡಿದರೆ ಸರಿಯಾಗಿ 64. ಇಂಥ ಆಕಾರಗಳಿಗೆ ‘ಪಾಲಿಯೋಮಿನೊ’ ಎಂಬ ಹೆಸರನ್ನು ಅಮೆರಿಕದ ಸೊಲೊಮನ್ ಗೊಲೊಂಬ್ 1953ರಲ್ಲಿ ಕೊಟ್ಟರು. ನಾಲ್ಕು ಮನೆಯ ಚೌಕವನ್ನು ಹಲಗೆಯ ನಟ್ಟನಡುವೆ ಬಿಟ್ಟು ಉಳಿದ ಹನ್ನೆರಡನ್ನು ಜೋಡಿಸಲು 65 ದಾರಿಗಳಿವೆ ಎಂದು ಡಾನಾ ಸ್ಕಾಟ್ 1958ರಲ್ಲಿ ಕಂಪ್ಯೂಟರ್ ಬಳಸಿ ತೋರಿಸಿದರು. ಇಲ್ಲೂ ಎಲ್ಲ ಚೂರುಗಳು ಮೊದಲೇ ಮೇಜಿನ ಮೇಲಿರುತ್ತವೆ. ಮೊಬೈಲಿನ ಬ್ಲಾಕ್ ಆಟ ನೋಡಲು ಇದರ ಒಡಹುಟ್ಟಿನಂತಿದ್ದರೂ ಸ್ವಭಾವದಲ್ಲಿ ತದ್ವಿರುದ್ಧ. ಕೈಯಲ್ಲಿರುವ ಮೂರರ ಆಚೆ ಏನು ಬರುತ್ತದೆ ಎಂಬುದು ಗೊತ್ತಿಲ್ಲ, ಬಂದದ್ದನ್ನು ಬೇಡ ಎನ್ನುವಂತಿಲ್ಲ, ತಿರುಗಿಸುವಂತೆಯೂ ಇಲ್ಲ. ಹೀಗಿರುವಾಗ ಖಾಲಿ ಜಾಗ ಕೊರತೆಯಲ್ಲ, ಬಂಡವಾಳ. ಸ್ಥಪತಿಯ ಕಣ್ಣಿನಿಂದ ಈ ಆಟ ಆಡುವುದೇ ಮೂಲ ತಪ್ಪು. ಒಂದು ಸಂದಿಗೆ ಅಚ್ಚುಕಟ್ಟಾಗಿ ಕೂತ ಬ್ಲಾಕ್ ಕಣ್ಣಿಗೆ ಹಿತವಾಗುತ್ತದೆ. ಆ ಹಿತದಲ್ಲಿ, ಉಳಿದ ಬಯಲು ಎರಡು ತುಂಡಾದದ್ದು ಕಾಣುವುದೇ ಇಲ್ಲ.

ಕುದುರೆ ಕಲಿಸುವ ಪಾಠ

ಇದೇ 64 ಮನೆಗಳ ಮೇಲೆ ಮೈಸೂರು ಸೀಮೆಯಲ್ಲಿ ಹಿಂದೆಯೇ ಸಾಕಷ್ಟು ತಲೆ ಓಡಿದೆ. 1799ರಲ್ಲಿ ಪಟ್ಟಕ್ಕೆ ಬಂದು, 1831ರಲ್ಲಿ ಆಡಳಿತವನ್ನು ಬ್ರಿಟಿಷರಿಗೆ ಬಿಟ್ಟುಕೊಡಬೇಕಾಗಿ ಬಂದು, 1868ರಲ್ಲಿ ತೀರಿಕೊಂಡ ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳ ಅಪಾರ ಪ್ರೇಮಿ. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಆಟಗಳಿಗೇ ಮೀಸಲು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಪಟಗಳು ಚಿತ್ರವಾಗಿವೆ. ಚದುರಂಗದ ಕುದುರೆಯನ್ನು ಪಟದ ಪ್ರತಿ ಮನೆಗೂ ಒಂದೊಂದೇ ಸಲ ಹೋಗುವಂತೆ ನಡೆಸುವ ಸಮಸ್ಯೆ ಮುಮ್ಮಡಿಯವರಿಗೆ ಬಲು ಪ್ರಿಯವಾಗಿತ್ತು. ಹೆಜ್ಜೆಗಳಿಗೆ ಸಂಖ್ಯೆ ಕೊಟ್ಟು ಅಡ್ಡ, ಉದ್ದ ಸಾಲುಗಳ ಮೊತ್ತ ಒಂದೇ ಆಗುವಂತೆ ಮಾಡುವುದು ಅದರ ಇನ್ನೂ ಕಠಿಣ ರೂಪ. ಒಂದರಿಂದ 64ರವರೆಗಿನ ಮೊತ್ತ 2080 ಆದ್ದರಿಂದ ಎಂಟು ಸಾಲುಗಳಿಗೆ ತಲಾ 260 ಬರಬೇಕು.

ಈ ಕುದುರೆ ನಡೆಗೆ 1823ರಲ್ಲಿ ಜರ್ಮನಿಯ ವಾರ್ನ್ಸ್‌ಡಾರ್ಫ್ ಒಂದು ಸರಳ ಸೂತ್ರ ಹೇಳಿದ: ಮುಂದೆ ಹೋಗಲು ಅತಿ ಕಡಿಮೆ ದಾರಿಗಳಿರುವ ಮನೆಗೆ ಮೊದಲು ಹೋಗು. ನಡುವಿನ ಮನೆಯಿಂದ ಕುದುರೆಗೆ ಎಂಟು ದಾರಿ, ಮೂಲೆಯಿಂದ ಎರಡೇ ಎರಡು. ಆರಾಮಾಗಿ ಸಿಗುವ ನಡುಮನೆಗಳನ್ನು ಮೊದಲು ಮುಗಿಸಿದವನು ಕೊನೆಗೆ ಮೂಲೆಯೊಂದು ಬಾಕಿ ಉಳಿದು ಅಲ್ಲಿಗೆ ದಾರಿಯೇ ಇಲ್ಲದೆ ಕೂರುತ್ತಾನೆ. ಬ್ಲಾಕ್ ಆಟದಲ್ಲಿ ಈ ಸೂತ್ರವನ್ನು ಎರಡು ಕಡೆ ಬಳಸಬಹುದು. ಮೊದಲನೆಯದು ಮೂರು ಬ್ಲಾಕ್‌ಗಳ ಸರದಿ. ಮೂರನ್ನು ಆರು ಬಗೆಯ ಸರದಿಯಲ್ಲಿ ಇಡಬಹುದು. ನಾವು ಸಾಮಾನ್ಯವಾಗಿ ಆರಿಸುವುದು ಸುಲಭದ್ದು ಮೊದಲು ಎಂಬ ಒಂದನ್ನೇ. ಕೆಳಗಿನ ಬಲಮೂಲೆಯಲ್ಲಿ ಮಾತ್ರ ಮೂರಕ್ಕೆ ಮೂರರಷ್ಟು ಬಯಲಿದೆ ಎಂದುಕೊಳ್ಳಿ. ಕೈಯಲ್ಲಿ ದೊಡ್ಡ ಚೌಕವೊಂದು, ಮೂರು ಮನೆಯ ಪಟ್ಟಿಯೊಂದು. ಪಟ್ಟಿಗೆ ಹತ್ತು ಕಡೆ ಜಾಗವಿದ್ದರೂ ಆ ಮೂಲೆಯಲ್ಲಿ ಅಂದವಾಗಿ ಕೂರುತ್ತದೆಂದು ಅಲ್ಲೇ ಇಟ್ಟರೆ ಚೌಕಕ್ಕಿದ್ದ ಏಕೈಕ ಸ್ಥಾನ ಹೋಯಿತು. ಒಂದೇ ಆಯ್ಕೆ ಇರುವ ಬ್ಲಾಕಿಗೆ ಮೊದಲ ಹಕ್ಕು ಕೊಡಬೇಕು.

ಹಾಗೆಂದು ‘ದೊಡ್ಡದು ಯಾವಾಗಲೂ ಮೊದಲು’ ಎಂಬ ಜನಪ್ರಿಯ ಸಲಹೆ ಪೂರ್ತಿ ಸರಿಯಲ್ಲ. ದೊಡ್ಡದಕ್ಕೆ ಈಗ ಎಲ್ಲೂ ಜಾಗವಿಲ್ಲ, ಆದರೆ ಒಂಟಿ ಬ್ಲಾಕೊಂದನ್ನು ಐದನೇ ಸಾಲಿನ ಬಾಕಿ ಮನೆಯಲ್ಲಿಟ್ಟರೆ ಸಾಲು ಅಳಿದು ಜಾಗ ತೆರೆಯುತ್ತದೆ ಎಂದಾದರೆ ಚಿಕ್ಕದೇ ಮೊದಲು. ನೋಡಬೇಕಾದದ್ದು ಬ್ಲಾಕಿನ ಗಾತ್ರವನ್ನಲ್ಲ, ಅದಕ್ಕಿರುವ ಸ್ಥಾನಗಳ ಎಣಿಕೆಯನ್ನು. ಮೂರನ್ನೂ ಮನಸ್ಸಿನಲ್ಲೇ ಕೂರಿಸಿ ಕೊನೆಯದಕ್ಕೂ ಜಾಗ ಉಂಟೆಂದು ಖಚಿತವಾದ ಮೇಲೆ ಮೊದಲನೆಯದನ್ನು ಎತ್ತಬೇಕು.

ಸೂತ್ರದ ಎರಡನೇ ಬಳಕೆ ತೂತುಗಳ ವಿಷಯದಲ್ಲಿ. ನಾಲ್ಕೂ ಕಡೆ ಮುಚ್ಚಿಹೋದ ಒಂದು ಮನೆಯ ತೂತು ಎಂದರೆ ಒಂದು ಮನೆಯ ನಷ್ಟ ಮಾತ್ರವಲ್ಲ. ಅದು ತುಂಬುವತನಕ ಅದರ ಅಡ್ಡಸಾಲೂ ಅಳಿಯದು, ಉದ್ದಸಾಲೂ ಅಳಿಯದು. ಒಟ್ಟು 15 ಮನೆಗಳು ಸಿಕ್ಕಿಬಿದ್ದಂತೆ. ಹೆಚ್ಚಿನವರು ಇಲ್ಲಿ ಒಂಟಿ ಬ್ಲಾಕಿಗಾಗಿ ಕಾಯುತ್ತಾರೆ, ಕಾಯುತ್ತ ಉಳಿದ ಜಾಗ ಕೆಡಿಸಿಕೊಳ್ಳುತ್ತಾರೆ. ಅದಕ್ಕಿಂತ ಸುಲಭದ ದಾರಿ ಪಕ್ಕದ ಸಾಲಿನಲ್ಲಿದೆ. ತೂತಿನ ಎಡದ ಗೋಡೆ ಬೇರೊಂದು ಉದ್ದಸಾಲಿಗೆ ಸೇರಿದ್ದು, ಮೇಲಿನ ಗೋಡೆ ಬೇರೊಂದು ಅಡ್ಡಸಾಲಿಗೆ. ಅವುಗಳಲ್ಲೊಂದನ್ನು ಅಳಿಸಿದರೆ ತೂತಿನ ಬಾಯಿ ತೆರೆದು ಎರಡು ಮನೆಯ, ಮೂರು ಮನೆಯ ಬ್ಲಾಕ್‌ಗಳೂ ಅಲ್ಲಿ ಕೂರುತ್ತವೆ. ಒಂದೇ ಆಕಾರಕ್ಕೆ ಒಗ್ಗುವ ಜಾಗವನ್ನು ಹಲವು ಆಕಾರಗಳಿಗೆ ಒಗ್ಗುವಂತೆ ಮಾಡುವುದೇ ಇಲ್ಲಿನ ಜಾಣತನ.

‘ಅಂಕ ಬೇಡವೇ?’

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಖಾಲಿ ಉಳಿಸಿಕೊಂಡು ಕೂತರೆ ಅಂಕ ಎಲ್ಲಿಂದ ಬರಬೇಕು? ಸಾಲು ಅಳಿಸುವುದೇ ಆಟವಲ್ಲವೇ? ಇದರಲ್ಲಿ ಅರ್ಧ ಸತ್ಯವಿದೆ. ಒಂದೊಂದು ಬ್ಲಾಕಿಗೆ ಸರಾಸರಿ ನಾಲ್ಕು ಮನೆ ಎಂದಿಟ್ಟುಕೊಂಡರೆ ಒಂದು ಸುತ್ತಿಗೆ ಹನ್ನೆರಡು, ಎರಡು ಸುತ್ತಿಗೆ 24 ಮನೆ ತುಂಬುತ್ತವೆ. ಒಂದು ಸಾಲು ಅಳಿದರೆ ಹೋಗುವುದು ಎಂಟು. ಅಂದರೆ ಎರಡು ಸುತ್ತಿಗೆ ಮೂರು ಸಾಲು ಅಳಿಸದಿದ್ದರೆ ಪಟ ತುಂಬುತ್ತಲೇ ಹೋಗುತ್ತದೆ. ಜಮಾ–ಖರ್ಚು ಸರಿದೂಗಿಸಲು ಅಳಿಸಲೇಬೇಕು. ಆದರೆ ಎಲ್ಲ ಅಳಿಕೆಗಳೂ ಸಮಾನವಲ್ಲ. ಅಡ್ಡಸಾಲೂ ಉದ್ದಸಾಲೂ ಒಟ್ಟಿಗೆ ಅಳಿದರೆ, ಕೂಡುವ ಮನೆ ಎರಡಕ್ಕೂ ಸೇರಿದ್ದರಿಂದ, 16 ಅಲ್ಲ, 15 ಮನೆ ಖಾಲಿಯಾಗುತ್ತವೆ. ಒಂದು ಮನೆ ಕಡಿಮೆಯಾದರೂ ಪಟ ಎರಡು ದಿಕ್ಕಿಗೂ ತೆರೆದುಕೊಳ್ಳುತ್ತದೆ. ಅಂಚಿನ ಸಾಲೊಂದನ್ನು ಅಳಿಸಿ, ಅದಕ್ಕಾಗಿ ನಡುವೆ ಎರಡು ಮೊಳೆ ಹೊಡೆದಂತೆ ಬ್ಲಾಕಿನ ಬಾಲ ಉಳಿಸಿದರೆ ಎಂಟು ಮನೆ ಗಳಿಸಿ ಹದಿನೆಂಟು ಸ್ಥಾನ ಕಳೆದಂತಾಗಬಹುದು. ಪರದೆಯ ಮೇಲೆ ಅಂಕ ಮಿನುಗುತ್ತದೆ, ಕಾಂಬೊ ಎಂದು ಬಣ್ಣ ಚಿಮ್ಮುತ್ತದೆ. ಕಳೆದ ಸ್ಥಾನಗಳನ್ನು ಮಾತ್ರ ಯಾವ ಆ್ಯಪೂ ತೋರಿಸುವುದಿಲ್ಲ. ನಮ್ಮ ಗಮನ ಕಾಣುವ ಲೆಕ್ಕದ ಕಡೆಗೇ ವಾಲುವುದು ಸಹಜ. ಆದರೆ ಕಾಂಬೊ ಮೇಲೆ ಕಾಂಬೊ ಹೊಡೆಯಲು ಬೇಕಾದದ್ದೂ ತೆರೆದ ಪಟವೇ. ಇಂತಿಷ್ಟು ಗುರಿ ಮುಟ್ಟಿದರೆ ಸಾಕು ಎನ್ನುವ ಹಂತಗಳ ಆಟದಲ್ಲಿ ಮಾತ್ರ ಈ ವಾದ ಸಡಿಲಾಗುತ್ತದೆ. ಎರಡೇ ನಡೆಯಲ್ಲಿ ಹಂತ ಮುಗಿಯುವುದಿದ್ದರೆ ಮೂರನೆಯದಕ್ಕೆ ಜಾಗ ಉಳಿಸುವ ಗೊಡವೆ ಬೇಡ.

ಎರಡನೇ ಆಕ್ಷೇಪ ಅದೃಷ್ಟದ್ದು. ಬರಬಾರದ ಹೊತ್ತಿಗೆ ಬರಬಾರದ ಬ್ಲಾಕ್ ಬಂದರೆ ಯಾವ ಲೆಕ್ಕ ಕೈಹಿಡಿದೀತು? ಇದನ್ನು ತಳ್ಳಿಹಾಕಲಾಗದು. ಮಾಸ್ಕೋದಲ್ಲಿ 1984ರಲ್ಲಿ ಅಲೆಕ್ಸಿ ಪಾಜಿಟ್ನೋವ್ ರೂಪಿಸಿದ ಟೆಟ್ರಿಸ್ ಈ ಕುಲದ ಹಿರಿಯಣ್ಣ. ಅಂಕುಡೊಂಕಿನ ಎರಡು ತುಂಡುಗಳು ಒಂದಾದ ಮೇಲೊಂದು ಬರುತ್ತಲೇ ಇದ್ದರೆ ಎಂಥ ಆಟಗಾರನೂ ಕೊನೆಗೆ ಸೋಲಲೇಬೇಕು ಎಂದು ಗಣಿತಜ್ಞೆ ಹೈಡಿ ಬರ್ಗಿಯಲ್ 1997ರಲ್ಲಿ ತೋರಿಸಿದರು. ಬ್ಲಾಕ್ ಆಟಗಳಲ್ಲೂ ಕೊನೆಗೆ ಸೋಲು ಇದ್ದದ್ದೇ. ಆದರೆ ಅದೃಷ್ಟ ಇರುವ ಆಟದಲ್ಲಿ ಜಾಣ್ಮೆಗೆ ಕೆಲಸವಿಲ್ಲ ಎಂಬುದು ನಮ್ಮ ಹಳ್ಳಿಗಳ ಚೌಕಾಬಾರ ಕಂಡವರು ಒಪ್ಪುವ ಮಾತಲ್ಲ. ನಾಲ್ಕು ಕವಡೆ ಉರುಳಿಸಿದರೆ ಒಂದು, ಎರಡು, ಮೂರು, ಚೌಕ, ಬಾರ, ಇಷ್ಟರಲ್ಲಿ ಯಾವುದು ಬೀಳುತ್ತದೋ ಕೈಯಲ್ಲಿಲ್ಲ. ಯಾವ ಕಾಯಿ ನಡೆಸಬೇಕು ಎಂಬುದು ಕೈಯಲ್ಲಿದೆ. ಪಳಗಿದವರು ಒಂದೇ ಗರಕ್ಕೆ ಬಾಯಿಬಿಟ್ಟು ಕೂರುವ ಸ್ಥಿತಿಗೆ ಕಾಯಿಗಳನ್ನು ತರುವುದಿಲ್ಲ. ಏನು ಬಿದ್ದರೂ ಒಂದಲ್ಲ ಒಂದು ಕಾಯಿಗೆ ಒದಗುವಂತೆ ಹರಡಿಕೊಂಡಿರುತ್ತಾರೆ. ಬ್ಲಾಕ್ ಆಟದಲ್ಲಿ ಆ್ಯಪ್ ಯಾವ ಲೆಕ್ಕದ ಮೇಲೆ ತುಂಡುಗಳನ್ನು ಕೊಡುತ್ತದೆ ಎಂಬುದು ಆಡುವವರ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದಲೇ ಮೂರಕ್ಕೆ ಮೂರರ ಒಂದು ಬಯಲು, ಐದು ಮನೆಯ ಒಂದು ಅಡ್ಡದಾರಿ, ಒಂದು ಉದ್ದದಾರಿ ಸದಾ ತೆರೆದಿರುವಂತೆ ನೋಡಿಕೊಳ್ಳುವುದು ಅದೃಷ್ಟಕ್ಕೆ ಕೊಡಬಹುದಾದ ಏಕೈಕ ಉತ್ತರ.

ಇಷ್ಟೆಲ್ಲ ಲೆಕ್ಕ ಹಾಕುವುದಾದರೆ ಅದು ಆಟವೇ, ಪರೀಕ್ಷೆಯೇ ಎಂಬುದು ಮೂರನೆಯ ತಕರಾರು. ಪೂರ್ತಿ ಲೆಕ್ಕ ಯಾರೂ ಹಾಕಬೇಕಿಲ್ಲ, ಹಾಕಲೂ ಆಗದು. ಟೆಟ್ರಿಸ್‌ನಲ್ಲಿ ಬರುವ ತುಂಡುಗಳೆಲ್ಲ ಮೊದಲೇ ಗೊತ್ತಿದ್ದರೂ ಅತ್ಯುತ್ತಮ ನಡೆಗಳನ್ನು ಕಂಡುಹಿಡಿಯುವುದು ಕಂಪ್ಯೂಟರಿಗೂ ಕಬ್ಬಿಣದ ಕಡಲೆ ಎಂದು ಎರಿಕ್ ಡೆಮೈನ್ ಮತ್ತು ಸಂಗಡಿಗರು 2002ರಲ್ಲಿ ಸಾಧಿಸಿದರು. ಪರಿಪೂರ್ಣ ಉತ್ತರ ಸಿಗದ ಕಡೆ ಒಳ್ಳೆಯ ಅಂದಾಜಿನ ಸೂತ್ರವೇ ಬುದ್ಧಿವಂತಿಕೆ. ಅಂದಾಜಿಗೆ ಕಣ್ಣು ಸಾಕು, ಕೈಯ ನೆರವೂ ಇದೆ. ಡೇವಿಡ್ ಕಿರ್ಶ್ ಮತ್ತು ಪಾಲ್ ಮ್ಯಾಗ್ಲಿಯೊ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟೆಟ್ರಿಸ್ ಆಡುವವರು ತುಂಡನ್ನು ತಲೆಯೊಳಗೆ ತಿರುಗಿಸಿ ನೋಡುವ ಬದಲು ಪರದೆಯ ಮೇಲೇ ತಿರುಗಿಸಿ ನೋಡಿ ತೀರ್ಮಾನಿಸುತ್ತಾರೆ ಎಂದು ಕಂಡುಬಂತು. ಬ್ಲಾಕ್ ಆಟದಲ್ಲೂ ಬೆರಳು ಬಿಡುವತನಕ ಬ್ಲಾಕ್ ಕೂರುವುದಿಲ್ಲ. ಎಳೆದಾಡಿ ನಾಲ್ಕು ಕಡೆ ನೆರಳು ನೋಡಬಹುದು. ಟೆಟ್ರಿಸ್‌ನಂತೆ ತುಂಡು ಮೇಲಿನಿಂದ ಬೀಳುವುದಿಲ್ಲ, ಗಡಿಯಾರ ಓಡುವುದಿಲ್ಲ. ಇಲ್ಲಿನ ಆತುರ ನಾವಾಗಿ ತಂದುಕೊಂಡದ್ದು.

ಕೊನೆಯ ಆಕ್ಷೇಪ ಹಿರಿಯರದ್ದು: ಇದೆಲ್ಲ ಕಾಲಹರಣ, ಇದರಲ್ಲಿ ತಪ್ಪೇನು, ಒಪ್ಪೇನು? ಇಂಥ ಆಟಗಳಿಂದ ಬುದ್ಧಿ ಚುರುಕಾಗುತ್ತದೆ ಎಂದು ಜಾಹೀರಾತಿನ ಧಾಟಿಯಲ್ಲಿ ಉತ್ತರಿಸುವುದು ಅತಿಯಾದೀತು. ರಿಚರ್ಡ್ ಹೇಯರ್ ತಂಡ 1992ರಲ್ಲಿ ಪ್ರಕಟಿಸಿದ ಸಂಶೋಧನೆ, ಅಭ್ಯಾಸವಾದ ಮೇಲೆ ಟೆಟ್ರಿಸ್ ಆಡುವಾಗ ಮಿದುಳು ಕಡಿಮೆ ಶಕ್ತಿ ಬಳಸುತ್ತದೆ ಎಂದು ತೋರಿಸಿತು. ಅದು ಹೇಳುವುದು ಆ ಆಟ ಕೈಗೆ ಹತ್ತಿತು ಎಂಬುದನ್ನು ಮಾತ್ರ. ಬ್ಲಾಕ್ ಜೋಡಿಸಿ ಗಣಿತದಲ್ಲಿ ಮುಂದೆ ಬಂದೀತೆಂದು ಮಕ್ಕಳ ಕೈಗೆ ಫೋನು ಕೊಡಬೇಕಿಲ್ಲ. ಕಾಲಹರಣದ ದೂರಿನಲ್ಲಿ ತಿರುಳೂ ಇದೆ. ಸೋತ ಮೇಲೆ ಜಾಹೀರಾತು ನೋಡಿ ಆಟ ಮುಂದುವರಿಸುವ ಆಸೆಗೆ ಬಿದ್ದರೆ ಕೆಟ್ಟ ಪಟವನ್ನೇ ಇನ್ನಷ್ಟು ಹೊತ್ತು ಎಳೆದಂತಾಗುತ್ತದೆ, ಅಷ್ಟೆ. ಆದರೆ ಮನೆಯ ಜಗಲಿಯ ಮೇಲೆ ಹುಲಿ–ಕುರಿ, ಅಳಗುಳಿಮಣೆ ಆಡಿದವರೂ ಹೊತ್ತು ಕಳೆಯಲೆಂದೇ ಆಡಿದರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳಲ್ಲಿ ಅಂಥ ಆಟಗಳ ಪಟಗಳನ್ನು ಇಂದು ಗೌರವದಿಂದ ಮುಂದಿಡುತ್ತಿದೆ. ಆಡುವುದೇ ಆದರೆ ತಿಳಿದು ಆಡುವುದರಲ್ಲಿ ಖುಷಿ ಹೆಚ್ಚು ಎಂಬಷ್ಟೇ ಇಲ್ಲಿನ ಸಮರ್ಥನೆ.

ತಿಳಿದು ಆಡುವವರು ಗೇಮ್ ಓವರ್ ಆದಾಗ ಕೊನೆಯ ಬ್ಲಾಕನ್ನು ಶಪಿಸುವುದಿಲ್ಲ. ಆ ಬ್ಲಾಕಿಗೆ ಜಾಗವಿದ್ದ ಕೊನೆಯ ಹೊತ್ತು ಯಾವುದು, ಅದನ್ನು ಕೆಡಿಸಿದ ನಡೆ ಯಾವುದು ಎಂದು ಹಿಂದಕ್ಕೆ ನೋಡುತ್ತಾರೆ. ಬಹಳಷ್ಟು ಸಲ ಅದು ಐದಾರು ನಡೆಗಳ ಹಿಂದೆ, ಅಂಕ ಮಿನುಗಿದ, ಅಚ್ಚುಕಟ್ಟಾಗಿ ಕಂಡ, ತಪ್ಪೆಂದು ಆಗ ಯಾರಿಗೂ ಅನಿಸದ ನಡೆಯೇ ಆಗಿರುತ್ತದೆ. ಮೂರರಲ್ಲಿ ಒಂದನ್ನು ಎತ್ತುವ ಮುನ್ನ ‘ಇದು ಎಲ್ಲಿ ಕೂರುತ್ತದೆ’ ಎಂದು ಕೇಳುವ ಬದಲು ‘ಇದು ಕೂತ ಮೇಲೆ ದೊಡ್ಡ ಚೌಕ ಎಲ್ಲಿ ಕೂರುತ್ತದೆ’ ಎಂದು ಕೇಳಿಕೊಳ್ಳುವ ರೂಢಿಯಾದರೆ ಉಳಿದ ಸಲಹೆಗಳನ್ನು ಬಾಯಿಪಾಠ ಮಾಡಬೇಕಾದ ಅಗತ್ಯವೇ ಬೀಳದು.